ನಿರಾಕ್ಷೇಪಣಾ ಪತ್ರ

ಸರಕಾರಿ ಗುಮಾಸ್ತೆಯ ಬಾಳಿನಲ್ಲಿ ಎರಡು ಬಗೆಯ ಕಾಗದಗಳುಂಟು. ಒಂದು, ಬೇಡಿದರೂ ಬಾರದ್ದು. ಇನ್ನೊಂದು, ಬೇಡದೆ ಬರುವುದು. ವರ್ಗಾವಣೆಯ ಆಜ್ಞೆ ಎರಡನೆಯ ಜಾತಿಗೆ ಸೇರಿದ್ದು. 2025ನೆಯ ಇಸವಿಯ ಫೆಬ್ರವರಿಯಲ್ಲಿ ಅದು ನಮ್ಮ ಬೆಂಗಳೂರಿನ ಮೇಜಿನ ಮೇಲೆ ಬಂದು ಕುಳಿತಾಗ, ಮೊದಲು ಅದನ್ನು ಪಕ್ಕದ ಮೇಜಿನವರದೆಂದೇ ತಿಳಿದು ಆ ಕಡೆಗೆ ಸರಿಸಿದೆವು. ಅವರು ಓದಿ, ಮುಗುಳ್ನಕ್ಕು, ಮತ್ತೆ ನಮ್ಮ ಕಡೆಗೇ ಸರಿಸಿದರು. ದೆಹಲಿ! ಮೂರೇ ಅಕ್ಷರ, ಆದರೆ ಅಂದು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆ ಹತ್ತಲಿಲ್ಲ.

ಇಲ್ಲಿ 'ನಾವು' ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಲ್ಲವೆಂದು ಓದುಗರು ದಯವಿಟ್ಟು ತಿಳಿಯಬೇಕು. ಗಂಡ, ಹೆಂಡತಿ, ಎಂಟು ವರ್ಷದ ಪುಟ್ಟಿ, ಎಪ್ಪತ್ತೊಂದು ವರ್ಷದ ಅಮ್ಮ, ಹೀಗೆ ನಾಲ್ಕು ಜನರ ಲೆಕ್ಕ ಅದು. ಈ ಲೆಕ್ಕದಲ್ಲಿ ಮೂವರ ವಿಷಯ ಸುಲಭ. ನಾಲ್ಕನೆಯವಳಾದ ಅಮ್ಮ ಲೆಕ್ಕದೊಳಗೆ ಬರುತ್ತಾಳೋ ಇಲ್ಲವೋ ಎಂಬುದೇ ನಮ್ಮ ಚಿಂತೆಯಾಗಿತ್ತು.

ಅಮ್ಮ ಇದ್ದದ್ದು ತಿಪಟೂರಿನಲ್ಲಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಬೆಂಗಳೂರಿನಿಂದಾದರೆ ಶನಿವಾರ ಹೊರಟು ಭಾನುವಾರ ಮರಳಬಹುದು. ದೆಹಲಿಯಿಂದ? ಹಂಚಿನ ಮನೆ, ಹಿತ್ತಿಲಲ್ಲಿ ಆರು ತೆಂಗಿನ ಮರ, ತುಳಸಿಕಟ್ಟೆ, ಒಂಟಿ ಜೀವ. "ನಮ್ಮ ಜೊತೆ ಬಂದುಬಿಡು" ಎಂದೆವು. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಅಕ್ಕಿ ನೆನೆಹಾಕಿದೀನಿ, ರುಬ್ಬಬೇಕು" ಎಂದು ಎದ್ದು ಒಳಗೆ ಹೋದಳು.

ರೈಲಿನಲ್ಲಿ ಹೋಗದೆ ಕಾರಿನಲ್ಲಿ ಏಕೆ ಹೋದಿರಿ ಎಂದು ಇಲ್ಲಿಯ ಗೆಳೆಯರು ಈಗಲೂ ಕೇಳುತ್ತಾರೆ. ಕಾರಣ ಆ ಕಾರೇ. ಅಪ್ಪ ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಬಂದ ಹಣದಲ್ಲಿ ಕೊಂಡ ಸಣ್ಣ ಬಿಳಿಯ ಕಾರು. ಅದರಲ್ಲಿ ಅವರು ಹೋದ ಅತಿ ದೂರದ ಊರು ಧರ್ಮಸ್ಥಳ. ಉಳಿದಂತೆ ಕೊಬ್ಬರಿ ಮಾರುಕಟ್ಟೆಗೆ, ಬ್ಯಾಂಕಿಗೆ, ಮದುವೆ ಮುಂಜಿಗಳಿಗೆ. ಮಾರಿಬಿಡೋಣವೆಂದಾಗ ಅಮ್ಮ ಮೊದಲ ಸಲ ಖಂಡಿತವಾಗಿ ಮಾತಾಡಿದಳು: "ಮನೆ ಬೀಗ ಹಾಕ್ಬಹುದು. ಕಾರು ಬೇರೆಯವರ ಕೈಗೆ ಬೇಡ." ಹಾಗೆ ಕಾರೂ ವರ್ಗವಾಯಿತು.

ಕಾರು ರಾಜ್ಯ ಬಿಟ್ಟು ಹೋಗಬೇಕಾದರೆ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ತೆರಿಗೆ ಬಾಕಿಯಿಲ್ಲ, ಮೊಕದ್ದಮೆಯಿಲ್ಲ, ಈ ವಾಹನ ಹೊರಡುವುದಕ್ಕೆ ನಮ್ಮ ಅಡ್ಡಿಯಿಲ್ಲ ಎಂಬ ಒಪ್ಪಿಗೆ ಅದು. ಕಾಗದಪತ್ರಗಳ ನಡುವೆಯೇ ಬೆಳೆದ ನಮಗೆ ಅದೇನೂ ಕಷ್ಟವಾಗಲಿಲ್ಲ. ಅದನ್ನು ಮನೆಗೆ ತಂದು ಓದಿ ಹೇಳಿದಾಗ ಅಮ್ಮ ನಕ್ಕಳು: "ಕಾರಿಗೂ ಕೇಳ್ತಾರಲ್ಲಪ್ಪ!" ಆ ಒಂದು ಮಾತು ಇಡೀ ದಾರಿ ನಮ್ಮ ಜೊತೆಗೆ ಬಂತು.

ಮಾರ್ಚ್ 27, ಗುರುವಾರ ಬೆಳಗಿನ ಜಾವ ಹೊರಟೆವು. ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು, ಮುಂದೆ ಒಂದು ತೆಂಗಿನಕಾಯಿ. ಹಿಂದೆ ಎರಡು ಹಾಸಿಗೆಸುತ್ತು, ಕುಕ್ಕರು, ಈಳಿಗೆಮಣೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು, ಇಪ್ಪತ್ತು ತೆಂಗಿನಕಾಯಿ. ಅಮ್ಮನ ಕಾಲಬಳಿ ಬಣ್ಣದ ಡಬ್ಬಿಯೊಂದರಲ್ಲಿ ಕಟ್ಟೆಯಿಂದ ಕಿತ್ತ ತುಳಸಿಯ ಸಸಿ, ಅದರ ಬುಡಕ್ಕೆ ಹಿತ್ತಿಲ ಮಣ್ಣು. ಅಮ್ಮ ಬೀಗ ಹಾಕಿ, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮನೆಗೆ "ಹೋಗ್ಬರ್ತೀನಿ" ಎಂದಳು. ನಮ್ಮ ನಾಡಿನಲ್ಲಿ ಯಾರೂ ಬರಿದೆ 'ಹೋಗುತ್ತೇನೆ' ಎನ್ನುವುದಿಲ್ಲ, ಅದು ಅಶುಭ. ಎಲ್ಲರೂ ಹೇಳುವ ಮಾತೇ ಅದು. ಆದರೂ ಅಂದು ಅದು ನಮ್ಮ ಕಿವಿಗೆ ಚುಚ್ಚಿತು. ಅಮ್ಮ ಮನೆಗೆ ಮಾತು ಕೊಟ್ಟಂತಿತ್ತು.

ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ 44ನೆಯ ಸಂಖ್ಯೆಯ ಹೆದ್ದಾರಿ ಸೇರಿದೆವು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆ ಇದು. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ, ನಾವು ಹೋಗಬೇಕಾಗಿದ್ದ ದಾರಿಯ 7, 26, 75, 3, 2 ಎಂಬ ಹಳೆಯ ತುಂಡುಗಳೆಲ್ಲ ಒಂದೇ ಸಂಖ್ಯೆಯ ಕೆಳಗೆ ಬಂದವು. ಐದು ಹಳೆಯ ಕಡತಗಳನ್ನು ಸೇರಿಸಿ ದಾರ ಕಟ್ಟಿ ಒಂದೇ ಕಡತ ಮಾಡಿದ ಹಾಗೆ. ಮಾಡಿದವರು ಯಾರೋ ನಮ್ಮವರೇ ಇರಬೇಕೆಂದು ಹೆಮ್ಮೆಪಟ್ಟುಕೊಂಡೆವು.

ಬಾಗೇಪಲ್ಲಿ ದಾಟಿದ ಮೇಲೆ ಅಂಗಡಿಯ ಹಲಗೆಗಳ ಅಕ್ಷರ ಬದಲಾಯಿತು. ಪುಟ್ಟಿ, "ಕನ್ನಡ ಯಾಕೆ ಓದಕ್ಕಾಗ್ತಿಲ್ಲ?" ಎಂದಳು. ಅದು ತೆಲುಗು, ಕನ್ನಡದ ಅಕ್ಷರಗಳ ತಂಗಿ ಎಂದು ತಿಳಿಸಿದೆವು. ಪೆನುಕೊಂಡೆಯ ಬೆಟ್ಟ ಕಂಡಿತು. 1565ರ ಯುದ್ಧದಲ್ಲಿ ಸೋತು ವಿಜಯನಗರ ಹಾಳಾದ ಮೇಲೆ ಅರಸುಮನೆತನ ನೆಲೆಯೂರಿದ್ದು ಇಲ್ಲಿ. "ಅವರೂ ಗಂಟುಮೂಟೆ ಕಟ್ಟಿಕೊಂಡೇ ಬಂದವರು" ಎಂದಾಗ ಅಮ್ಮ ಕಿಟಕಿಯಿಂದ ಬೆಟ್ಟವನ್ನು ಬಹಳ ಹೊತ್ತು ನೋಡಿದಳು. ರಾತ್ರಿ ತುಂಗಭದ್ರೆಯ ದಡದ ಕರ್ನೂಲಿನಲ್ಲಿ ತಂಗಿದೆವು. ತುಂಗಭದ್ರೆ ನಮ್ಮ ನೀರು ಎಂದು ಅಮ್ಮ ಅಲ್ಲಿ ಚೆನ್ನಾಗಿಯೇ ನಿದ್ರೆ ಮಾಡಿದಳು.

ಎರಡನೆಯ ದಿನ ಬೀಚುಪಲ್ಲಿಯ ಬಳಿ ಕೃಷ್ಣೆ, ಆಮೇಲೆ ಹೈದರಾಬಾದು. ಊರೊಳಗೆ ಹೋಗದೆ ಹೊರವರ್ತುಲ ರಸ್ತೆ ಹಿಡಿದೆವು. ಸಂಜೆ ನಿರ್ಮಲಕ್ಕೆ ಮುನ್ನ ಸೋನ್ ಎಂಬಲ್ಲಿ ಗೋದಾವರಿ ಬಂತು. ಸೇತುವೆಯ ಮೇಲೆ ಅಮ್ಮ ಇದ್ದಕ್ಕಿದ್ದಂತೆ, "ಇನ್ನು ಮೇಲೆ ಏನು ಹೇಳೋದು?" ಎಂದಳು.

ಏನು ಎಂದು ನಮಗೆ ತಿಳಿಯಲಿಲ್ಲ. ನಮ್ಮ ಮನೆಗಳಲ್ಲಿ ಪೂಜೆಗೆ ಕುಳಿತಾಗ ಸಂಕಲ್ಪದಲ್ಲಿ ಇಂಥ ವರ್ಷ, ಇಂಥ ಮಾಸ ಎನ್ನುವುದರ ಜೊತೆಗೆ ನಾವಿರುವ ನೆಲವನ್ನೂ ಹೇಳುತ್ತೇವಲ್ಲವೆ? ಗೋದಾವರಿಯ ದಕ್ಷಿಣ ತೀರ ಎಂದು. ಅಪ್ಪ ನಲವತ್ತು ವರ್ಷ ಹೇಳಿದ ಮಾತು. ಅವರ ತಂದೆ, ಅಜ್ಜ ಎಲ್ಲರೂ ಹೇಳಿದ ಮಾತು. ಈಗ ಗೋದಾವರಿ ಹಿಂದಕ್ಕೆ ಹೋಯಿತು. ಬಿ.ಎ. ಓದಿದ ನಾವು ಭೂಗೋಳ ಬಲ್ಲೆವು. ಆದರೆ ಸಂಕಲ್ಪ ತಿದ್ದುವುದು ಹೇಗೆಂದು ಯಾವ ತರಗತಿಯಲ್ಲೂ ಕಲಿಸಿರಲಿಲ್ಲ. "ಊರು ಸೇರಿದ ಮೇಲೆ ನೋಡೋಣ" ಎಂದೆವು. ಕಚೇರಿಯ ಭಾಷೆಯಲ್ಲಿ ಇದಕ್ಕೆ 'ಪರಿಶೀಲನೆಯಲ್ಲಿದೆ' ಎಂದು ಹೆಸರು.

ನಿರ್ಮಲ ಬೊಂಬೆಗಳ ಊರು. ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಹಾಕುತ್ತಾರೆ. ಪುಟ್ಟಿ ಒಂದು ಗಿಳಿಯನ್ನು ಕೊಂಡು, ಅದಕ್ಕೆ ನಮ್ಮ ಚನ್ನಪಟ್ಟಣದ ಬೊಂಬೆಯೊಡನೆ ಮದುವೆ ಮಾಡುವುದಾಗಿ ಸಾರಿದಳು.

ಮೂರನೆಯ ದಿನ ಪೆನ್‌ಗಂಗೆ ದಾಟಿ ಮಹಾರಾಷ್ಟ್ರ, ಹಿಂಗಣಘಾಟ, ನಾಗಪುರ. ಸಂಜೆ ಹೆದ್ದಾರಿ ಬಿಟ್ಟು ರಾಮಟೇಕಿನಲ್ಲಿ ಇಳಿದುಕೊಂಡೆವು. ಬೆಟ್ಟದ ಮೇಲೆ ರಾಮನ ಗುಡಿ. ಕಾಳಿದಾಸನ 'ಮೇಘದೂತ'ದ ರಾಮಗಿರಿ ಇದೇ ಎಂದು ಅನೇಕ ವಿದ್ವಾಂಸರ ಮತ. ಬೇಂದ್ರೆಯವರು ಕನ್ನಡಕ್ಕೆ ತಂದ ಕಾವ್ಯ ಅದು, ಕಾಲೇಜಿನಲ್ಲಿದ್ದಾಗ ಓದಿದ್ದೆವು. ಆಗ ಹೊಳೆಯದ ಒಂದು ಅರ್ಥ ಆ ಬೆಟ್ಟದ ಮೆಟ್ಟಿಲ ಮೇಲೆ ಹೊಳೆಯಿತು. ಆ ಯಕ್ಷ ಕುಬೇರನ ಕಚೇರಿಯ ನೌಕರ. ಕೆಲಸದಲ್ಲಿ ಅಜಾಗರೂಕತೆಗಾಗಿ ಒಂದು ವರ್ಷ ದೂರದೂರಿಗೆ ಅಟ್ಟಿಸಿಕೊಂಡವನು. ನಮ್ಮ ಕುಲದ ಮೂಲಪುರುಷ ಅವನೇ! ಅವನು ಉತ್ತರದಿಂದ ದಕ್ಷಿಣಕ್ಕೆ, ನಾವು ದಕ್ಷಿಣದಿಂದ ಉತ್ತರಕ್ಕೆ. ಅವನ ಮೋಡಕ್ಕೆ ನರ್ಮದೆ, ವೇತ್ರವತಿ, ಚರ್ಮಣ್ವತಿ ದಾರಿಯಲ್ಲಿ ಸಿಕ್ಕವು. ನಮ್ಮ ಕಾರಿಗೂ ಅವೇ ಸಿಗಲಿದ್ದವು. ಈ ಸಂಗತಿಯನ್ನು ಬಹಳ ಉತ್ಸಾಹದಿಂದ ಅಮ್ಮನಿಗೆ ವಿವರಿಸಿದೆವು.

"ಅವನು ವರ್ಷ ಕಳೆದ್ಮೇಲೆ ವಾಪಸ್ಸು ಮನೆಗೆ ಹೋದ್ನಲ್ಲ" ಎಂದಳು ಅಮ್ಮ.

ನಾವು ಸುಮ್ಮನಾದೆವು.

ಮರುದಿನ, ಮಾರ್ಚ್ 30, ಯುಗಾದಿ. ವಿಶ್ವಾವಸು ಸಂವತ್ಸರದ ಮೊದಲ ದಿನ. ರಾಮಟೇಕಿನ ಮನೆಗಳ ಮುಂದೆಲ್ಲ ಕೋಲಿಗೆ ರೇಶಿಮೆ ವಸ್ತ್ರ ಸುತ್ತಿ, ಮೇಲೆ ತಂಬಿಗೆ ಬೋರಲಿಟ್ಟು, ಸಕ್ಕರೆಯ ಸರ ತೂಗುಬಿಟ್ಟ ಗುಡಿಗಳು ನಿಂತಿದ್ದವು. ನಾವು ವಸತಿಗೃಹದ ಬಾವಿಕಟ್ಟೆಯ ಪಕ್ಕದ ಬೇವಿನಿಂದ ಹೂ ಉದುರಿಸಿಕೊಂಡೆವು. ತಿಪಟೂರಿನ ಬೆಲ್ಲ ಇತ್ತು. ಕಿಟಕಿಯ ಕಟ್ಟೆಯೇ ದೇವರಮನೆ. ಸಂಕಲ್ಪ ಹೇಳುತ್ತ ಬಂದು ನದಿಯ ಹೆಸರಿನ ಬಳಿ ನಾಲಿಗೆ ನಿಂತಿತು. ಅಮ್ಮ ತಲೆಯೆತ್ತಿ ನೋಡಿದಳು. ಅಪ್ಪನ ರೂಢಿಯಂತೆ ಗೋದಾವರಿಯ ದಕ್ಷಿಣ ತೀರವೆಂದೇ ಹೇಳಿ ಮುಗಿಸಿದೆವು. ದೇವರ ಮುಂದೆ ತಪ್ಪು ವಿಳಾಸ ಕೊಟ್ಟೆವು. ಅಮ್ಮ ಏನೂ ಅನ್ನಲಿಲ್ಲ. ಬೇವುಬೆಲ್ಲ ಹಂಚುವಾಗ ಬೇವೇ ಹೆಚ್ಚಾಗಿತ್ತೆಂದು ಪುಟ್ಟಿಯ ದೂರು.

ಅಲ್ಲಿಂದ ಮುಂದೆ ಪೆಂಚ್ ಕಾಡು. ಕಿಪ್ಲಿಂಗ್ 1894ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿಯನ್ನು ಓಡಾಡಿಸಿದ್ದು ಈ ಸಿವನಿ ಸೀಮೆಯಲ್ಲೇ. ಹೆದ್ದಾರಿ ಕಾಡನ್ನು ಸೀಳಿ ಹೋಗುವ ಕಡೆ ಅದನ್ನು ಕಂಬಗಳ ಮೇಲೆ ಎತ್ತಿದ್ದಾರೆ. ಕೆಳಗೆ ಪ್ರಾಣಿಗಳ ಓಡಾಟಕ್ಕೆ ದಾರಿ. ಮಹಾರಾಷ್ಟ್ರದ ಭಾಗದಲ್ಲಿ ಇಂಥವು ಒಂಬತ್ತು. ಅವುಗಳಲ್ಲಿ ಎರಡರ ಅಗಲ ಒಂದೊಂದು 750 ಮೀಟರು. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಅಡಿಯಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಜಿಂಕೆ, ಕಾಡುನಾಯಿ ಮಾತ್ರವಲ್ಲ, ಹುಲಿಗಳೂ ಹಾದುಹೋಗುತ್ತಿದ್ದವು. ಮೇಲೆ ಲಾರಿ, ಕೆಳಗೆ ಹುಲಿ! ಪುಟ್ಟಿ ಕಿಟಕಿಗೆ ಮೂಗೊತ್ತಿ ಕುಳಿತಳು. ಸಿಕ್ಕಿದ್ದು ಮುಸುವಗಳು ಮಾತ್ರ. ಅಮ್ಮ ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ಹುಲಿಗೆ ಅದರ ದಾರಿ ಉಳಿಸಿಕೊಟ್ರು. ಊರು ಬಿಟ್ಟು ಹೋಗೂ ಅಂತ ಅದಕ್ಕೆ ಯಾರೂ ಹೇಳ್ಲಿಲ್ಲ" ಎಂದಳು.

ಕಾರು ಓಡಿಸುತ್ತಿದ್ದವರ ಕಣ್ಣಿಗೆ ಸ್ವಲ್ಪ ಹೊತ್ತು ರಸ್ತೆ ಸರಿಯಾಗಿ ಕಾಣಲಿಲ್ಲ. ಲಖನಾದೌನದಲ್ಲಿ ನಿಲ್ಲಿಸಿ ಚಹಾ ಕುಡಿದೆವು. ಅಲ್ಲಿ, "ಬೇಡವಾದರೆ ಹೇಳಮ್ಮ. ನಾಗಪುರದಿಂದ ರೈಲಿದೆ, ವಾಪಸ್ಸು ಕರೆದುಕೊಂಡು ಹೋಗಿ ಬಿಡುತ್ತೇವೆ" ಎಂದೆವು. ಕೋಪದಿಂದಲ್ಲ, ನಿಜವಾಗಿಯೇ. ಅಮ್ಮ ಲೋಟದಲ್ಲಿ ಉಳಿದ ನೀರನ್ನು ತುಳಸಿಗೆ ಹಾಕಿ, "ಗಿಡ ಬಾಡ್ತಾ ಇದೆ, ಬೇಗ ಹೊರಡಿ" ಎಂದಳು.

ಬರಮಾನ ಘಾಟಿನಲ್ಲಿ ನರ್ಮದೆ. ಕೆಳಗಿಳಿದು ನೀರು ಮುಟ್ಟಿದೆವು. ಹರ್ಷಚಕ್ರವರ್ತಿಯ ದಂಡು ದಕ್ಷಿಣಕ್ಕೆ ಬಾರದಂತೆ ನಮ್ಮ ಇಮ್ಮಡಿ ಪುಲಕೇಶಿ ತಡೆದದ್ದು ಈ ನದಿಯ ಸೀಮೆಯಲ್ಲಿ. ಅವನ ಗೆಲುವನ್ನು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಕೊಂಡಾಡಿದ್ದಾನೆ. ಆಮೇಲೆ ರಾಷ್ಟ್ರಕೂಟರು ಇದನ್ನು ದಾಟಿ ಉತ್ತರಕ್ಕೆ ನುಗ್ಗಿದರು. ಮಧ್ಯಪ್ರದೇಶದ ಜೂರಾ ಎಂಬಲ್ಲಿ ಮೂರನೆಯ ಕೃಷ್ಣನ ಕನ್ನಡ ಶಾಸನವೇ ಸಿಕ್ಕಿದೆ. ಈಗ ಕುಕ್ಕರು, ಈಳಿಗೆಮಣೆ, ಚಟ್ನಿಪುಡಿಗಳೊಡನೆ ನಮ್ಮ ದಂಡಯಾತ್ರೆ! ಅಮ್ಮ ತಿಪಟೂರಿನ ಒಂದು ಕಾಯಿಯನ್ನು ನೀರಿಗೆ ಬಿಟ್ಟು ಕೈಮುಗಿದಳು. ಏನು ಬೇಡಿಕೊಂಡಳೋ ಕೇಳಲಿಲ್ಲ.

ಸಾಗರ ಸೇರುವುದಕ್ಕೆ ಮುನ್ನ ಕರ್ಕಾಟಕ ಸಂಕ್ರಾಂತಿ ವೃತ್ತವನ್ನೂ ದಾಟಿದ್ದೆವು. ಐದನೆಯ ದಿನ ಲಲಿತಪುರ, ಝಾನ್ಸಿ. ಪಕ್ಕಕ್ಕೆ ಹೊರಳಿ ಬೇತ್ವಾ ನದಿಯ ದಡದ ಓರಛಾ. ಕಾವ್ಯದ ವೇತ್ರವತಿ ಇದೇ. ಅಲ್ಲಿ ರಾಮ ದೇವರು ಮಾತ್ರವಲ್ಲ, ಊರಿನ ರಾಜ. ಪೊಲೀಸರು ಬಂದೂಕು ಹಿಡಿದು ಸಲಾಮು ಮಾಡುತ್ತಾರೆ. ಗುಡಿಯ ಮುಂದಿನ ಹೂವಿನವಳೊಡನೆ ಅಮ್ಮ ಹಿಂದಿಯಲ್ಲಿ ಮಾತಾಡಿದಾಗ ನಾವು ಬೆರಗಾದೆವು. ಹುಡುಗಿಯಾಗಿದ್ದಾಗ ಅಮ್ಮ ಹಿಂದಿ ಪರೀಕ್ಷೆ ಕಟ್ಟಿದ್ದಳಂತೆ! ನೀರು ಬೇಕಾದರೆ "ಕೃಪಯಾ ಜಲ ದೀಜಿಯೇ" ಎನ್ನುವ ಪಠ್ಯಪುಸ್ತಕದ ಹಿಂದಿ. ಹೂವಿನವಳು ಇಂಥ ಶುದ್ಧ ಭಾಷೆಯನ್ನು ಪೂಜಾರಿಗಳ ಬಾಯಲ್ಲಿ ಮಾತ್ರ ಕೇಳಿದ್ದವಳು. ಅಮ್ಮನ ಕಾಲುಮುಟ್ಟಿ ನಮಸ್ಕರಿಸಿ ಒಂದು ಹಾರವನ್ನು ಬಿಟ್ಟಿ ಕೊಟ್ಟಳು. ಅಂದು ಮಧ್ಯಾಹ್ನ ಅಮ್ಮನ ಮುಖದಲ್ಲಿ, ಹೊರಟ ಮೇಲೆ ಮೊದಲ ಸಲ, ಒಂದು ಗೆಲುವು ಕಂಡಿತು.

ಗ್ವಾಲಿಯರಿನ ಕೋಟೆಯನ್ನು ಕೆಳಗಿನಿಂದಲೇ ನೋಡಿ, ಮೊರೆನಾ ದಾಟಿ ಚಂಬಲಕ್ಕೆ ಬಂದೆವು. ದರೋಡೆಕಾರರ ಕಣಿವೆಯೆಂದು ಹೆಸರಾದ ನದಿ ಈಗ ಮೂರು ರಾಜ್ಯಗಳು ಹಂಚಿಕೊಂಡ ಅಭಯಾರಣ್ಯ. ಉದ್ದ ಮೂತಿಯ ಘಡಿಯಾಲ್ ಮೊಸಳೆಗಳ ಆಶ್ರಯ. ದೊಡ್ಡ ಗಂಡಿನ ಮೂಗಿನ ತುದಿಯಲ್ಲಿ ಮಡಕೆಯಂಥ ಗುಬುಟು ಇರುತ್ತದೆ. ಮರಳ ದಿಬ್ಬದ ಮೇಲೆ ಎರಡು ಮಲಗಿದ್ದವು. ಹುಲಿಯ ಕೊರತೆ ಪುಟ್ಟಿಗೆ ಅಲ್ಲಿ ತೀರಿತು. ಇದು ಚರ್ಮಣ್ವತಿ, ರಂತಿದೇವನ ನದಿ ಎಂದೊಡನೆ ಕಥೆ ಹೇಳಿದವಳು ಅಮ್ಮ: ನಲವತ್ತೆಂಟು ದಿನ ಉಪವಾಸವಿದ್ದು, ಕೊನೆಗೆ ಕೈಗೆ ಬಂದ ನೀರನ್ನೂ ಬಾಯಾರಿ ಬಂದವನಿಗೆ ಕೊಟ್ಟ ರಾಜ. ನಮಗೆ ತಿಳಿದದ್ದು ಕಾವ್ಯದ ಹೆಸರು. ಅಮ್ಮನಿಗೆ ತಿಳಿದದ್ದು ಕಥೆ.

ಆಗ್ರಾ ಸೇರಿದಾಗ ರಾತ್ರಿ. ಅಂದು ಈದ್. ಹೊಸ ಬಟ್ಟೆಯ ಮಕ್ಕಳು, ಬೀದಿ ತುಂಬ ದೀಪ, ಶಾವಿಗೆಯ ವಾಸನೆ. ಹಿಂದಿನ ದಿನವಷ್ಟೇ ನಮ್ಮ ಹಬ್ಬ ಕಿಟಕಿಯ ಕಟ್ಟೆಯ ಮೇಲೆ ನಡೆದಿತ್ತು. ವಸತಿಗೃಹದ ಯಜಮಾನರು ಪುಟ್ಟಿಗೆ ಒಂದು ಬಟ್ಟಲು ಶಾವಿಗೆ ಪಾಯಸ ಕಳಿಸಿದರು. ಪ್ರತಿಯಾಗಿ ಅಮ್ಮ ಒಂದು ತೆಂಗಿನಕಾಯಿ ಕಳಿಸಿದಳು. ಏಪ್ರಿಲ್ ಒಂದರಂದು ಯಮುನೆಯನ್ನು ದಾಟಿ, 165 ಕಿಲೋಮೀಟರಿನ ಯಮುನಾ ವೇಗದಾರಿಯಲ್ಲಿ ಬಂದು, ಮಧ್ಯಾಹ್ನ ನೋಯಿಡಾದ ಮೂರನೆಯ ಮಹಡಿಯ ಬಾಡಿಗೆಯ ಮನೆಯ ಮುಂದೆ ನಿಂತೆವು. ಮೀಟರಿನಲ್ಲಿ ಎರಡು ಸಾವಿರದ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಓಡಿತ್ತು. ತುಳಸಿ ಬದುಕಿತ್ತು.

ನಮ್ಮ ಹಿಂದಿನ ತಲೆಮಾರಿನ ಕನ್ನಡ ಗುಮಾಸ್ತೆಗಳು ಸರೋಜಿನಿ ನಗರ, ನೇತಾಜಿ ನಗರ, ರಾಮಕೃಷ್ಣಪುರದ ಸರಕಾರಿ ಮನೆಗಳಲ್ಲಿ ಅಕ್ಕಪಕ್ಕ ಬಾಳಿದವರೆಂದು ಸಂಘದ ಹಿರಿಯರು ಹೇಳುತ್ತಾರೆ. ಸಾಂಬಾರಿನ ಬಟ್ಟಲು ಗೋಡೆ ದಾಟುತ್ತಿತ್ತಂತೆ. ಆ ಹಳೆಯ ಮನೆಗಳಲ್ಲಿ ಎಷ್ಟೋ ಈಗ ಕೆಡವಲ್ಪಟ್ಟು ಗೋಪುರಗಳೆದ್ದಿವೆ. ನಾವು ಇಂದು ನೋಯಿಡಾ, ಫರೀದಾಬಾದು, ಗುರುಗ್ರಾಮಗಳಲ್ಲಿ ಚದರಿದ ಸಾಸಿವೆಕಾಳು. ಮೊದಲ ತಿಂಗಳುಗಳಲ್ಲಿ ಅಮ್ಮನಿಗೆ ಸಿಕ್ಕ ಸಂಗಾತಿ ಒಂದು ತುಳಸಿ, ಒಂದು ಬಾಲ್ಕನಿ. ನಾವು ಕಚೇರಿಗೆ, ಪುಟ್ಟಿ ಶಾಲೆಗೆ. ಸಂಜೆ ಬಂದಾಗ ಅಮ್ಮ ಬೆಳಿಗ್ಗೆ ಕುಳಿತ ಕುರ್ಚಿಯಲ್ಲೇ ಇರುತ್ತಿದ್ದಳು.

ಮೆಲ್ಲಗೆ ಅವಳ ಪುಸ್ತಕದ ಹಿಂದಿ ಕೆಳಗಿನ ಉದ್ಯಾನಕ್ಕೆ ಇಳಿಯಿತು. ಅಲ್ಲಿಯ ಮುದುಕಿಯರು ಇವಳನ್ನು 'ಮಾಸ್ತರಣಿಜೀ' ಎಂದು ಕರೆಯತೊಡಗಿದರು. ಆಗಸ್ಟ್ 27ರಂದು ಗಣೇಶನ ಹಬ್ಬ ಬಂತು. ಪೂಜೆಗೆ ಕುಳಿತೆವು. ಮತ್ತೆ ಅದೇ ಜಾಗದಲ್ಲಿ ನಾಲಿಗೆ ತಡೆಯಿತು. ಆಗ ಅಮ್ಮ ಕೇಳಿದಳು: "ಯಮುನೆಯ ಯಾವ ದಡ ನಮ್ದು?"

"ಪೂರ್ವ."

"ಹಾಗಾದ್ರೆ ಅದನ್ನೇ ಹೇಳಿ. ಇರೋ ಕಡೆಯ ಹೆಸರು ಹೇಳ್ಬೇಕು, ದೇವರಿಗೆ ಹುಡುಕೋದಕ್ಕೆ ಕಷ್ಟ ಆಗ್ಬಾರ್ದು."

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ನವೆಂಬರು ಬಂತು. ದೆಹಲಿಯಲ್ಲಿರುವ ಓದುಗರಿಗೆ ಆ ಹೊಗೆಯನ್ನು ವರ್ಣಿಸಬೇಕಾಗಿಲ್ಲ. ಗಾಳಿ ನಿಂತು, ಗದ್ದೆಯ ಕೂಳೆ ಸುಟ್ಟದ್ದು, ವಾಹನದ್ದು, ಧೂಳು ಎಲ್ಲ ಚಳಿಯ ಕೆಳಗೆ ಸಿಕ್ಕಿಕೊಂಡು, ಎದುರಿನ ಗೋಪುರವೇ ಕಾಣದಾಯಿತು. ಅಮ್ಮನಿಗೆ ಕೆಮ್ಮು ಹತ್ತಿತು. ರಾತ್ರಿ ದಿಂಬಿಗೊರಗಿ ಕುಳಿತೇ ನಿದ್ರೆ. ವೈದ್ಯರು, ಚಳಿ ಕಳೆಯುವವರೆಗೆ ಇವರನ್ನು ಊರಿಗೆ ಕಳಿಸಿ ಎಂದರು. ನಾವೇ ಕರೆತಂದವರು, ನಮ್ಮ ಗಾಳಿಯೇ ಅವಳನ್ನು ಹೊರಡಿಸಿತು. ಒಪ್ಪಿಗೆ ಕೇಳದೆ ಕರೆತಂದದ್ದಕ್ಕೆ ತಕ್ಕ ಶಾಸ್ತಿಯೆಂದು ರಾತ್ರಿ ಮಾತಾಡಿಕೊಂಡೆವು. ಹೋದರೆ ಅಮ್ಮ ಮರಳಿ ಬರುತ್ತಾಳೆಂಬ ನಂಬಿಕೆ ನಮಗಿರಲಿಲ್ಲ.

ಡಿಸೆಂಬರ್ ಮೊದಲ ವಾರ, ಊರಿಗೆ ಹೊರಟಿದ್ದ ಕನ್ನಡ ಕುಟುಂಬವೊಂದರ ಜೊತೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೇಟು ತೆಗೆದೆವು. ಹೊರಡುವ ಸಂಜೆ ಅಮ್ಮ ತುಳಸಿಯ ಡಬ್ಬಿಯನ್ನು ಕಟ್ಟಿಕೊಳ್ಳಲಿಲ್ಲ. ಪುಟ್ಟಿಯನ್ನು ಕರೆದು, ದಿನಕ್ಕೆ ಎಷ್ಟು ನೀರು, ಇಬ್ಬನಿಗೆ ಯಾವ ಬಟ್ಟೆ ಹೊದಿಸಬೇಕು ಎಂದೆಲ್ಲ ಹೇಳಿಕೊಟ್ಟಳು. ಬಾಗಿಲಿಗೆ ಬಂದಳು. ಬಾಡಿಗೆಯ ಮನೆ, ಹೊಸ್ತಿಲೆಂದರೆ ನಾಲ್ಕು ಬೆರಳಗಲದ ಕಲ್ಲಿನ ಪಟ್ಟಿ. ಕೆಮ್ಮುತ್ತಲೇ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅಂದಳು: "ಹೋಗ್ಬರ್ತೀನಿ."

ಮನೆಗೆ ಹೇಳಿದ ಮಾತು ಅದು, ನಮಗಲ್ಲ. ನಾವು ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದೆವು.

ಈಗ ಜನವರಿ. ಅಮ್ಮನ ಕೆಮ್ಮು ಇಳಿದಿದೆಯಂತೆ. ತಿಪಟೂರಿನ ಮನೆಯ ಹಂಚು ಸರಿಮಾಡಿಸಿದ್ದಾಳೆ, ಕಾಯಿ ಕೀಳಿಸಿದ್ದಾಳೆ. ದೂರವಾಣಿಯಲ್ಲಿ ದಿನವೂ ಮೊದಲು ಕೇಳುವುದು ತುಳಸಿಯನ್ನು, ಆಮೇಲೆ ಪುಟ್ಟಿಯನ್ನು, ಕೊನೆಗೆ ನಮ್ಮನ್ನು. ಚಳಿ ಕಳೆದ ಮೇಲೆ, ಯುಗಾದಿಗೆ ಬರುತ್ತಾಳೆ. ಟಿಕೇಟು ತೆಗೆಯಲು ಅವಳೇ ಹೇಳಿದ್ದಾಳೆ, ನಾವು ಕೇಳಿರಲಿಲ್ಲ. ಈ ವರ್ಷ ಬೇವಿನ ಹೂವನ್ನು ಊರಿನಿಂದಲೇ ತರುತ್ತಾಳಂತೆ, ನಮ್ಮ ಕಡೆಯ ಬೇವು ಅಷ್ಟು ಕಹಿಯಲ್ಲವಂತೆ.